ಬೆಳ್ಳಿಯನ್ನು ಧೂಳು ಅನ್ನುವ ಯಂತ್ರ

ಫಿಲಂ ಸ್ಕ್ಯಾನರ್‌ಗಳ ಸಾಫ್ಟ್‌ವೇರಿನಲ್ಲಿ ಧೂಳು ತೆಗೆಯುವ ಒಂದು ಆಯ್ಕೆ ಇರುತ್ತದೆ. ಡಿಜಿಟಲ್ ಐಸ್ ಅನ್ನುವ ಹೆಸರಲ್ಲಿ ಅದು ಹೆಚ್ಚು ಪರಿಚಿತ. ಕಲರ್ ನೆಗೆಟಿವ್‌ಗೆ ಇದರಿಂದ ನಿಜಕ್ಕೂ ಬಹಳ ಉಪಕಾರ ಇದೆ. ಸ್ಕ್ಯಾನರ್ ಮಾಮೂಲಿ ಬೆಳಕಿನಲ್ಲಿ ಒಂದು ಸಲ ನೆಗೆಟಿವ್ ನೋಡುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಇನ್ನೊಂದು ಸಲ ನೋಡುತ್ತದೆ. ಕಲರ್ ಫಿಲಂನಲ್ಲಿ ಕೊನೆಗೆ ಉಳಿಯುವುದು ಬಣ್ಣದ ಡೈ ಮಾತ್ರ. ಇನ್‌ಫ್ರಾರೆಡ್ ಬೆಳಕು ಆ ಡೈ ಒಳಗಿಂದ ಸಲೀಸಾಗಿ ದಾಟಿ ಹೋಗುತ್ತದೆ. ಧೂಳು, ಕೂದಲು, ಗೀರು ಇದ್ದ ಕಡೆ ಮಾತ್ರ ತಡೆಯಾಗುತ್ತದೆ. ಎಲ್ಲಿ ತಡೆಯಾಯಿತೋ ಅಲ್ಲಿ ಕಸ ಇದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ಅಕ್ಕಪಕ್ಕದಿಂದ ಬಣ್ಣ ತಂದು ಆ ಜಾಗ ಮುಚ್ಚುತ್ತದೆ.

ಅದೇ ಸ್ಕ್ಯಾನರಿಗೆ ಕಪ್ಪು ಬಿಳುಪಿನ ಫಿಲಂ ಕೊಟ್ಟರೆ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಯಾಕೆಂದರೆ ಇಲ್ಲಿ ಚಿತ್ರವೇ ಬೆಳ್ಳಿ. ಮಾತಿಗೆ ಹೇಳುವ ಬೆಳ್ಳಿ ಅಲ್ಲ, ಜೆಲಾಟಿನ್ ಪದರದಲ್ಲಿ ಕೂತಿರುವ ನಿಜವಾದ ಲೋಹದ ಕಣಗಳು. ಲೋಹ ಇನ್‌ಫ್ರಾರೆಡ್ ಬೆಳಕನ್ನು ದಾಟಲು ಬಿಡುವುದಿಲ್ಲ. ಫೋಟೋದಲ್ಲಿ ಬೆಳ್ಳಗೆ ಬರುವ ಕಡೆಯೆಲ್ಲ ನೆಗೆಟಿವ್‌ನಲ್ಲಿ ಬೆಳ್ಳಿ ಜಾಸ್ತಿ. ಆಗ ಮದುಮಗಳ ಮುತ್ತಿನ ಸರ, ಬಿಳಿ ಪಂಚೆಯ ಅಂಚು, ಹಣೆಯ ಮೇಲೆ ಬಿದ್ದ ಬೆಳಕು, ಎಲ್ಲವೂ ಯಂತ್ರದ ಕಣ್ಣಿಗೆ ಧೂಳು. ಅದನ್ನು ಒರೆಸಲು ಹೋಗಿ ಚಿತ್ರವನ್ನೇ ಕದಡಿ ಹಾಕುತ್ತದೆ. (ಇಲ್‌ಫರ್ಡ್ ಎಕ್ಸ್‌ಪಿ2 ಅನ್ನುವ ಒಂದು ಫಿಲಂ ಇದೆ. ಕಪ್ಪು ಬಿಳುಪಿನದೇ, ಆದರೆ ಕಲರ್ ಫಿಲಂನ ಕೆಮಿಕಲ್‌ನಲ್ಲಿ ತೊಳೆಯುವಂಥದ್ದು. ಅದರಲ್ಲೂ ಕೊನೆಗೆ ಉಳಿಯುವುದು ಡೈ ಆದ್ದರಿಂದ ಅದಕ್ಕೆ ಈ ತೊಂದರೆ ಇಲ್ಲ.)

ಫಿಲಂ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದೇ ಈ ವಿಷಯ. ಕಪ್ಪು ಬಿಳುಪಿನ ನೆಗೆಟಿವ್ ಒಂದು ವಸ್ತು. ಅದಕ್ಕೆ ದಪ್ಪ ಇದೆ, ವಾಸನೆ ಇದೆ, ಬೂಸ್ಟು ಹಿಡಿಯುತ್ತದೆ, ಮನುಷ್ಯರ ಕೈ ಗುರುತು ಅದರ ಮೇಲೆ ಉಳಿಯುತ್ತದೆ. ಸ್ಕ್ಯಾನ್ ಮಾಡುವವರು ಇದನ್ನು ಮರೆತರೆ ಏನೇನು ಕಳೆದುಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಹಾಸನದ ಒಂದು ಮನೆಯ ಅಟ್ಟದಲ್ಲಿ.

ಆ ಮನೆಯ ಯಜಮಾನರು ಬಹಳ ಕಾಲ ಸ್ಟುಡಿಯೋ ನಡೆಸಿದವರು. ಈಗ ಆ ಮಳಿಗೆಯಲ್ಲಿ ಮೊಬೈಲ್ ಅಂಗಡಿ ಇದೆ. ಸ್ಟುಡಿಯೋ ಮುಚ್ಚಿದಾಗ ಅವರು ಸ್ಟೂಲು, ಪರದೆ, ಲೈಟು ಎಲ್ಲ ಕೊಟ್ಟುಬಿಟ್ಟರು. ನೆಗೆಟಿವ್ ಮಾತ್ರ ಕೊಡಲಿಲ್ಲ. ಆಗೆಲ್ಲ ಹಳೇ ನೆಗೆಟಿವ್ ಕೇಳಿಕೊಂಡು ಊರೂರಿಗೆ ಜನ ಬರುತ್ತಿದ್ದರಂತೆ. ಸುಟ್ಟರೆ ಬೆಳ್ಳಿ ಸಿಗುತ್ತದೆ ಅಲ್ವಾ, ಅದಕ್ಕೆ. ಫಿಲಂ ತೊಳೆಯಲು ಬಳಸಿ ಉಳಿದ ಹೈಪೋ ಅನ್ನುವ ಕೆಮಿಕಲ್ ನೀರಿನಲ್ಲೂ ಬೆಳ್ಳಿ ಕರಗಿರುತ್ತದೆ, ಅದಕ್ಕೂ ಗಿರಾಕಿ ಇತ್ತು. ಎಷ್ಟೋ ಊರಿನ ಮದುವೆ, ನಾಮಕರಣ, ಗ್ರೂಪ್ ಫೋಟೋಗಳೆಲ್ಲ ಹೀಗೆ ಸುಟ್ಟು ಹೋಗಿವೆ. ಇವರು ಹೈಪೋ ಮಾರಿದರು, ನೆಗೆಟಿವ್ ಉಳಿಸಿಕೊಂಡರು.

ನೆಗೆಟಿವ್ ತುಂಬಿಟ್ಟಿದ್ದು ಫೋಟೋ ಪೇಪರಿನ ಖಾಲಿ ಡಬ್ಬಗಳಲ್ಲಿ. ಬಹಳಷ್ಟು ಡಬ್ಬದ ಮೇಲೆ 'ಇಂದು' ಅನ್ನುವ ಹೆಸರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ಮಾಲು ಅದು. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಸ್ಟುಡಿಯೋಗಳಿಗೆ ಫಿಲಂ, ಪೇಪರ್, ಆಸ್ಪತ್ರೆಗಳಿಗೆ ಎಕ್ಸ್‌ರೇ ಫಿಲಂ ಅಲ್ಲಿಂದ ಬರುತ್ತಿತ್ತು. ನಮ್ಮ ಕಡೆಯ ಅಜ್ಜ ಅಜ್ಜಿಯರ ಎಷ್ಟು ಮುಖಗಳು ಊಟಿಯ ಪೇಪರಿನ ಮೇಲೆ ಮೂಡಿವೆಯೋ! ಕಂಪನಿ ಈಗ ಇಲ್ಲ. ಹಾಸನದ ಅಟ್ಟದಲ್ಲಿ ಅದರ ಡಬ್ಬಗಳು ಗಟ್ಟಿಮುಟ್ಟಾಗಿವೆ.

ನಾನು ಮೊದಲ ನೆಗೆಟಿವ್ ತೆಗೆದು ಕಿಟಕಿಯ ಬೆಳಕಿಗೆ ನೇರ ಹಿಡಿದೆ. ಯಾರೋ ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರು. ಯಜಮಾನರು ಕೂತಲ್ಲಿಂದಲೇ ಹೇಳಿದರು: "ಹಂಗಲ್ಲಮ್ಮ. ಓರೆಯಾಗಿ ಹಿಡಿ. ಮಂಕು ಕಡೆ ಮೇಲೆ ಬರ್ಲಿ. ಆಗ ಪೆನ್ಸಿಲ್ ಕಾಣುತ್ತೆ."

ಜೆಲಾಟಿನ್ ಇರುವ ಮಂಕು ಬದಿಯನ್ನು ಮೇಲೆ ಮಾಡಿದೆ. ಕಾಣಿಸಿತು. ಹೆಂಗಸಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಮೂಗಿನ ಪಕ್ಕದಲ್ಲಿ ಸಣ್ಣ ಸಣ್ಣ ಗೆರೆಗಳು. ಕೂದಲಿಗಿಂತ ಸಪೂರ. ಕೆಲವು ಅಲ್ಪವಿರಾಮದ ಹಾಗೆ ಬಾಗಿವೆ, ಕೆಲವು ಒಂದರ ಮೇಲೊಂದು ಅಡ್ಡ ಹಾಯ್ದಿವೆ. ಪೆನ್ಸಿಲ್ ಸೀಸ ಬೂದು ಬಣ್ಣದಲ್ಲಿ ಮಿನುಗುತ್ತಿತ್ತು. ನೇರ ಬೆಳಕಿನಲ್ಲಿ ಇದು ಯಾವುದೂ ಕಾಣುವುದಿಲ್ಲ, ಮುಖ ನುಣುಪಾಗಿ ಕಾಣುತ್ತದೆ ಅಷ್ಟೆ. ಗಂಡಸಿನ ಮುಖದಲ್ಲಿ ಗೆರೆ ಕಮ್ಮಿ. ಹಣೆಯ ಒಂದು ಗಾಯದ ಗುರುತಿನ ಮೇಲೆ ಮಾತ್ರ ಒತ್ತಾಗಿ ಕೆಲಸ ಮಾಡಿದ್ದರು.

ಇದಕ್ಕೆ ಸ್ಟುಡಿಯೋದವರು ಟಚಿಂಗ್ ಅನ್ನುತ್ತಾರೆ. ಮುಖದ ಮೇಲಿನ ಕಲೆ, ಸುಕ್ಕು, ಮೊಡವೆ ಫೋಟೋದಲ್ಲಿ ಕಪ್ಪಾಗಿ ಬರುತ್ತವೆ. ಅಂದರೆ ನೆಗೆಟಿವ್‌ನಲ್ಲಿ ಆ ಜಾಗ ತೆಳುವಾಗಿ ಇರುತ್ತದೆ. ಅಲ್ಲಿ ಬೆಳ್ಳಿ ಕಮ್ಮಿ ಇದೆ. ಕಮ್ಮಿ ಬಿದ್ದ ಬೆಳ್ಳಿಯನ್ನು ಪೆನ್ಸಿಲ್ ಸೀಸದಿಂದ ತುಂಬುವುದೇ ಟಚಿಂಗ್. ಜೆಲಾಟಿನ್ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಜಾರುತ್ತದೆ. ಅದಕ್ಕೆ ಮೊದಲು ತೆಳ್ಳಗೆ ಒಂದು ವಾರ್ನಿಷ್ ಸವರಬೇಕು. ಪೆನ್ಸಿಲ್ ಮೊನೆಯನ್ನು ಉದ್ದಕ್ಕೆ, ಸೂಜಿಯಷ್ಟು ಚೂಪಾಗಿ ಉಜ್ಜಿಕೊಳ್ಳಬೇಕು. ಇಳಿಜಾರಾದ ಒಂದು ಮೇಜು, ಕೆಳಗಿಂದ ಬೆಳಕು. ಪೆನ್ಸಿಲ್‌ನಿಂದ ಫೋಟೋದಲ್ಲಿ ಬೆಳ್ಳಗೆ ಮಾಡಬಹುದು, ಕಪ್ಪು ಮಾಡಲು ಆಗುವುದಿಲ್ಲ. ಕಪ್ಪು ಬೇಕಾದರೆ ಸಣ್ಣ ಚಾಕುವಿನಿಂದ ಬೆಳ್ಳಿ ಕೆರೆಯಬೇಕು. ಒಂದು ಚೂರು ಜಾಸ್ತಿ ಕೆರೆದರೆ ಆ ನೆಗೆಟಿವ್ ಹೋಯಿತು. ಮುಖ ಮೂರು ಬೆರಳಿನಷ್ಟು ಜಾಗದಲ್ಲಿ ಇರುತ್ತದೆ. ಅದರಲ್ಲಿ ಕಣ್ಣಿನ ಕೆಳಗಿನ ಸುಕ್ಕು ಎಷ್ಟು ಸಣ್ಣ ಅಂತ ಯೋಚಿಸಿ.

ಈ ಕೈಕೆಲಸ ಉಳಿಯಬೇಕು ಅನ್ನುವುದು ನನ್ನ ಹಟ. ಸ್ಕ್ಯಾನ್ ಮಾಡುವಾಗ ಧೂಳು ತೆಗೆಯುವ ಆಯ್ಕೆ ಹಾಕಿದರೆ ಮೊದಲು ಹೋಗುವುದು ಇದೇ ಗೆರೆಗಳು. ಹಾಗಾಗಿ ಆ ಅಟ್ಟದ ಪ್ರತಿ ನೆಗೆಟಿವ್‌ಗೆ ನಾನು ಎರಡು ಫೈಲ್ ಮಾಡುತ್ತೇನೆ. ಒಂದು ಕೆಳಗಿಂದ ಬೆಳಕು ಬಿಟ್ಟು ಮಾಡಿದ್ದು, ಫೋಟೋ ನೋಡುವುದಕ್ಕೆ. ಇನ್ನೊಂದು ಮಂಕು ಬದಿಗೆ ಪಕ್ಕದಿಂದ ಬೆಳಕು ಹಾಕಿ ತೆಗೆದದ್ದು. ಅದರಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ, ಟಚಿಂಗ್ ಮಾಡಿದವರ ಕೈ ಕಾಣುತ್ತದೆ. ಅಂಚಿನಲ್ಲಿ ಕನ್ನಡಿಯ ಹಾಗೆ ನೀಲಿ ಹೊಳಪು ಬಂದಿದ್ದರೆ ಅದೂ ಕಾಣುತ್ತದೆ. ಅದು ಬೆಳ್ಳಿ ಗಾಳಿಗೆ ಕೆಟ್ಟು ಮೇಲಕ್ಕೆ ಬರುತ್ತಿರುವ ಗುರುತು.

ಇನ್ನು ನನ್ನದೇ ರೀಲುಗಳ ವಿಷಯ. ನಾನು ಹೆಚ್ಚಾಗಿ ಬಳಸುವುದು ಯಾಶಿಕಾ ಟಿಎಲ್‌ಆರ್, ಅಂದರೆ ಎರಡು ಕಣ್ಣಿನ, ಮೇಲಿಂದ ಬಗ್ಗಿ ನೋಡುವ ಕ್ಯಾಮೆರಾ. ಇದಕ್ಕೆ 120 ರೋಲ್ ಬೇಕು. ಕೊಡಕ್ ಈ ಅಳತೆಯ ಫಿಲಂ ತಂದಿದ್ದು 1901ರಲ್ಲಿ, ಇವತ್ತಿಗೂ ಅದೇ ಅಳತೆ ನಡೆಯುತ್ತಿದೆ. ಒಂದು ರೋಲಿಗೆ ಹನ್ನೆರಡು ಚೌಕ ಫೋಟೋ. ನಮ್ಮ ಅಪ್ಪಂದಿರ ಕಾಲದಲ್ಲಿ ಮನೆಮನೆಗೆ ಬಂದಿದ್ದ ಆಗ್ಫಾ ಕ್ಲಿಕ್ III ಕೂಡ ಇದೇ ರೋಲ್ ತಿನ್ನುತ್ತಿತ್ತು. ಫಿಲಂ ಹೆಚ್ಚಾಗಿ ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ವೇಗ (ಅಂದರೆ ಬೆಳಕು ಹಿಡಿಯುವ ಚುರುಕು) 400. ಬಿಸಿಲು ಚೆನ್ನಾಗಿದ್ದರೆ ಎಫ್‌ಪಿ4 ಪ್ಲಸ್, ವೇಗ 125.

ಹಾಸನದ ಕಡೆ ಇರುವವರಿಗೆ ಕಪ್ಪು ಬಿಳುಪು ಕಲಿಯಲು ಹಳೇಬೀಡಿಗಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಹೊಯ್ಸಳೇಶ್ವರ ಗುಡಿಯ ಬಳಪದ ಕಲ್ಲಿಗೆ ಹಸಿರು ಬೆರೆತ ಬೂದು ಬಣ್ಣ. ಕ್ಯಾಮೆರಾದ ಲೈಟ್ ಮೀಟರು ಜಗತ್ತೆಲ್ಲ ಮಧ್ಯಮ ಬೂದು ಅಂತ ನಂಬಿ ಲೆಕ್ಕ ಹಾಕುತ್ತದೆ. ಈ ಕಲ್ಲು ಹೆಚ್ಚುಕಮ್ಮಿ ಹಾಗೇ ಇರುವುದರಿಂದ ಮೀಟರು ಹೇಳಿದ್ದು ಇಲ್ಲಿ ಸುಮಾರಾಗಿ ನಿಜವಾಗುತ್ತದೆ. ಕಷ್ಟ ಇರುವುದು ನೆರಳಿನಲ್ಲಿ. ಶಿಲ್ಪಗಳ ಕೆತ್ತನೆ ಎಷ್ಟು ಆಳ ಅಂದರೆ ಸರದ ಹಿಂದೆ, ಬಳ್ಳಿಯ ಹಿಂದೆ ಪೂರ್ತಿ ಕತ್ತಲು ಕೂತಿರುತ್ತದೆ. ಆ ಕತ್ತಲಲ್ಲಿ ಏನಾದರೂ ಬೇಕಾದರೆ ನೆರಳಿಗೇ ಮೀಟರು ಹಿಡಿಯಬೇಕು. ನೆರಳಿಗೆ ಎಕ್ಸ್‌ಪೋಸ್ ಮಾಡು, ಬೆಳಕಿಗೆ ಡೆವಲಪ್ ಮಾಡು ಅನ್ನುವುದು ಹಳೇ ಪಾಠ. ಫಿಲಂ ಮೇಲೆ ಬೀಳದೇ ಹೋದ ನೆರಳನ್ನು ಆಮೇಲೆ ಯಾವ ಕೆಮಿಕಲ್ಲೂ ಯಾವ ಸ್ಕ್ಯಾನರೂ ತಂದುಕೊಡುವುದಿಲ್ಲ. ಬೆಳಕಿನ ಭಾಗ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಜಾಸ್ತಿಯಾದರೂ ಈ ಫಿಲಂ ತಡೆದುಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾಗೆ ಇದು ಉಲ್ಟಾ. ಅಲ್ಲಿ ಬೆಳಕು ಸುಟ್ಟರೆ ವಾಪಸ್ ಬರುವುದಿಲ್ಲ.

ಗುಡಿಯ ಹಿಂದಿನ ಗೋಡೆ ಪಶ್ಚಿಮಕ್ಕೆ ಇದೆ. ದೊಡ್ಡ ದೊಡ್ಡ ಶಿಲ್ಪಗಳು ಅಲ್ಲೇ ಇರುವುದು. ಬಸ್ಸಲ್ಲಿ ಬಂದವರು ಬೆಳಿಗ್ಗೆ ಹತ್ತಕ್ಕೆ ನೋಡಿಕೊಂಡು ಹೋಗುತ್ತಾರೆ. ಆಗ ಆ ಗೋಡೆ ಪೂರ್ತಿ ನೆರಳಲ್ಲಿ ಇರುತ್ತದೆ, ಫೋಟೋ ಚಪ್ಪಟೆ. ಮಧ್ಯಾಹ್ನದ ಮೇಲೆ ಹೋಗಬೇಕು. ಗೋಡೆ ನೇರವಾಗಿಲ್ಲ, ಮೂಲೆ ಮೂಲೆಯಾಗಿ ಒಳಗೆ ಹೊರಗೆ ತಿರುಗುತ್ತದೆ. ಹಾಗಾಗಿ ಇಳಿಬಿಸಿಲು ಒಂದು ಶಿಲ್ಪದ ಮುಖಕ್ಕೆ ನೇರ ಬಿದ್ದರೆ ಪಕ್ಕದ್ದರ ಮೇಲೆ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಆ ಓರೆ ಬಿಸಿಲಿನಲ್ಲಿ ಕೆಳಗಿನ ಆನೆ ಸಾಲು ನೋಡಬೇಕು. ಒಂದೊಂದು ಆನೆಯ ಸೊಂಡಿಲಿಗೂ ಬೇರೆ ಬೇರೆ ನೆರಳು. ಕಾರ್ತಿಕ, ಮಾರ್ಗಶಿರದ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಹೊರಗೆ ತೊಂದರೆ ಇಲ್ಲ. ಬೇಲೂರಿನ ನವರಂಗದ ಒಳಗೆ ಹೋದರೆ 400ರ ಫಿಲಂ ಸಾಕಾಗುವುದಿಲ್ಲ, ಅದನ್ನೇ 1600ರ ಫಿಲಂ ಅಂತ ಲೆಕ್ಕ ಹಾಕಿ ತೆಗೆದು, ಆಮೇಲೆ ಡೆವಲಪ್ ಹೊತ್ತು ಹೆಚ್ಚಿಸಬೇಕು. ಕಂಬಗಳ ಹೊಳಪು ಬರುತ್ತದೆ, ನೆರಳು ಹೋಗುತ್ತದೆ. ಅಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ.

ಘಟ್ಟದ ಕಡೆ ಲೆಕ್ಕ ಬೇರೆ. ಮುಳ್ಳಯ್ಯನಗಿರಿಯಲ್ಲಿ ಮಂಜು ಮುಸುಕಿದಾಗ ಮೀಟರು ಆ ಬಿಳುಪನ್ನೂ ಬೂದು ಮಾಡಲು ನೋಡುತ್ತದೆ. ಒಂದು ಸ್ಟಾಪ್ ಜಾಸ್ತಿ ಕೊಡಬೇಕು. ಮಂಜು ಹರಿದು ಆಕಾಶ ತೆರೆದಾಗ ಕೇಸರಿ ಫಿಲ್ಟರ್ ಹಾಕಿದರೆ ನೀಲಿ ಕಪ್ಪಾಗಿ ಮೋಡ ಎದ್ದು ನಿಲ್ಲುತ್ತದೆ. ಫಿಲ್ಟರ್ ಸುಮಾರು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ನೆನಪಿರಲಿ. ಕಾಫಿ ಹೂವಿಗೂ ನಾನು ಅದೇ ಫಿಲ್ಟರ್ ಹಾಕುತ್ತೇನೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಎಲೆಯ ಹಸಿರು ಸ್ವಲ್ಪ ಕಪ್ಪಾದರೆ ಹೂವು ಹೂವಾಗಿ ಕಾಣುತ್ತದೆ, ಇಲ್ಲದಿದ್ದರೆ ಬೂದಿಯ ಮೇಲೆ ಬೂದಿ. ಸಿಲ್ವರ್ ಓಕ್ ನೆರಳಿನ ತೋಟದೊಳಗೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದಿರುತ್ತದೆ. ಅಂಥಲ್ಲಿ ಹಣ್ಣು ಕುಯ್ಯುವವರ ಮುಖ ತೆಗೆಯಬೇಕಾದರೆ ಮೋಡ ಬರುವವರೆಗೆ ಕಾಯುವುದೇ ಸರಿ.

ರೀಲು ತೊಳೆಯುವುದು ಮನೆಯಲ್ಲೇ. ಡಾರ್ಕ್ ರೂಮ್ ಬೇಕಿಲ್ಲ. ಫಿಲಂ ಅನ್ನು ಸುರುಳಿಗೆ ಸುತ್ತಿ ಟ್ಯಾಂಕಿಗೆ ಹಾಕಿ ಮುಚ್ಚುವವರೆಗೆ ಮಾತ್ರ ಪೂರ್ತಿ ಕತ್ತಲು ಬೇಕು. ಕೆಂಪು ಬಲ್ಬು ಇದ್ದರೆ ಸಾಕು ಅಂದುಕೊಂಡವರು ಬಹಳ ಜನ. ಅದು ಪ್ರಿಂಟ್ ಹಾಕುವ ಪೇಪರಿಗೆ ನಡೆಯುತ್ತದೆ. ಈಗಿನ ಫಿಲಂ ಎಲ್ಲ ಬಣ್ಣವನ್ನೂ ನೋಡುತ್ತದೆ, ಕೆಂಪನ್ನೂ. ಕತ್ತಲಲ್ಲಿ ಬೆರಳಿನಿಂದಲೇ ನೋಡಬೇಕು. ಆಮೇಲೆ ಬೆಳಕಿನಲ್ಲೇ ಡೆವಲಪರ್, ಅದನ್ನು ನಿಲ್ಲಿಸುವ ಸ್ಟಾಪ್ ಬಾತ್, ಹೈಪೋ, ನೀರು.

ಇಲ್ಲಿ ಆಗುವ ರಸಾಯನ ನನಗೆ ಎಷ್ಟು ಓದಿದರೂ ಹಳತಾಗಿಲ್ಲ. ಶಟರ್ ತೆರೆದ ಚೂರು ಹೊತ್ತಿನಲ್ಲಿ ಫಿಲಂನಲ್ಲಿರುವ ಬೆಳ್ಳಿ ಲವಣದ ಹರಳುಗಳಲ್ಲಿ ಬೆಳಕು ತಾಗಿದ್ದರ ಮೇಲೆ ನಾಲ್ಕಾರು ಬೆಳ್ಳಿ ಪರಮಾಣು ಬಿಡುಗಡೆಯಾಗಿರುತ್ತವೆ, ಅಷ್ಟೆ. ಯಾವ ಕಣ್ಣಿಗೂ ಕಾಣುವುದಿಲ್ಲ. ಡೆವಲಪರ್ ಆ ನಾಲ್ಕಾರನ್ನು ಹುಡುಕಿಕೊಂಡು ಹೋಗಿ ಆ ಇಡೀ ಹರಳನ್ನೇ ಬೆಳ್ಳಿ ಮಾಡುತ್ತದೆ. ಬೆಳಕು ಕಾಣದ ಹರಳುಗಳನ್ನು ಮುಟ್ಟುವುದಿಲ್ಲ. ಅವನ್ನು ಹೈಪೋ ಕರಗಿಸಿ ಹೊರಗೆ ಹಾಕುತ್ತದೆ. ಹೈಪೋ ಬೆಳ್ಳಿಯ ಲವಣ ಕರಗಿಸುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಕಂಡುಕೊಂಡಿದ್ದು 1819ರಲ್ಲಿ, ಫೋಟೋಗ್ರಫಿ ಬರುವ ಮುಂಚೆಯೇ. ಇಪ್ಪತ್ತು ವರ್ಷದ ನಂತರ ಅದೇ ಕೆಲಸಕ್ಕೆ ಬಂತು.

ನನ್ನ ಡೆವಲಪರ್ ಡಿ-76. ಕೊಡಕ್ 1927ರಲ್ಲಿ ತಂದಿದ್ದು. ಸೂತ್ರದಲ್ಲಿ ಗುಟ್ಟೇನಿಲ್ಲ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಇಲ್‌ಫರ್ಡ್‌ನ ಐಡಿ-11 ಕೂಡ ಇದರ ಅಣ್ಣ ತಮ್ಮನೇ. ಐಡಿ-11 ನೀರು ಬೆರೆಸದೆ ಬಳಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಈ 20 ಡಿಗ್ರಿ ಅನ್ನುವುದು ಬಯಲುಸೀಮೆಯವರಿಗೆ ತಲೆನೋವು, ಐಸ್ ತುಂಡು ಹಾಕಿಕೊಂಡು ಕೂರಬೇಕು. ಹಾಸನವನ್ನು ಬಡವರ ಊಟಿ ಅನ್ನುತ್ತಾರಲ್ಲ, ಅದರ ಪೂರ್ತಿ ಲಾಭ ಸಿಗುವುದು ಡಿಸೆಂಬರ್ ಬೆಳಿಗ್ಗೆ ರೀಲು ತೊಳೆಯುವವರಿಗೆ. ಕೆಲವು ದಿನ ನೀರಿಗೆ ಒಂದಿಷ್ಟು ಬಿಸಿನೀರು ಬೆರೆಸಬೇಕಾಗುತ್ತದೆ. ಕಡೆಯ ತೊಳೆತಕ್ಕೆ ಮಾತ್ರ ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿದರೆ ಸುಣ್ಣದ ಕಲೆ ಉಳಿಯುತ್ತದೆ, ಸ್ಕ್ಯಾನ್‌ನಲ್ಲಿ ಅದು ಎದ್ದು ಕಾಣುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಂಡರೆ ಎಷ್ಟೋ ರೀಲಿಗೆ ಬರುತ್ತದೆ.

ಕಾಫಿಯಲ್ಲಿ ರೀಲು ತೊಳೆಯಬಹುದಂತೆ, ಹೌದಾ ಅಂತ ಚಿಕ್ಕಮಗಳೂರಿನ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಹೌದು. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಂತ್ರಜ್ಞಾನ ಸಂಸ್ಥೆಯಲ್ಲಿ ಒಬ್ಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಇದನ್ನು ಮಾಡಿ ತೋರಿಸಿದರು. ಕೆಫೆನಾಲ್ ಅನ್ನುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಅಳತೆ ಹೀಗೆ: ಒಂದು ಲೀಟರ್ ನೀರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. 20 ಡಿಗ್ರಿಯಲ್ಲಿ ಹದಿನೈದು ನಿಮಿಷ. ಅಡುಗೆ ಸೋಡಾ ಹಾಕಿದರೆ ಕೆಲಸ ಮಾಡುವುದಿಲ್ಲ, ವಾಷಿಂಗ್ ಸೋಡಾನೇ ಆಗಬೇಕು. ಇಲ್ಲಿ ಕೆಫೀನ್‌ಗೆ ಕೆಲಸ ಇಲ್ಲ. ಡೆವಲಪ್ ಮಾಡುವುದು ಕಾಫಿಯಲ್ಲಿರುವ ಕೆಫೀಕ್ ಆಮ್ಲದ ಜಾತಿಯ ಪದಾರ್ಥಗಳು. ರೊಬಸ್ಟಾದಲ್ಲಿ ಅವು ಅರೇಬಿಕಾಗಿಂತ ಜಾಸ್ತಿ. ಹಾಗಾಗಿ ಒಳ್ಳೆಯ ಅರೇಬಿಕಾವನ್ನು ಕುಡಿಯಲು ಇಟ್ಟುಕೊಳ್ಳಿ, ಅಗ್ಗದ ಇನ್‌ಸ್ಟಂಟ್ ಪುಡಿ ಟ್ಯಾಂಕಿಗೆ. ಚಿಕೋರಿ ಜಾಸ್ತಿ ಬೆರೆಸಿದ ಪುಡಿ ಬೇಡ, ಅದರಲ್ಲಿ ಕಾಫಿ ಅಷ್ಟು ಕಮ್ಮಿ. ಮೂಡಿಗೆರೆ ಕಡೆಯ ಒಂದು ತೋಟದ ಮನೆಯಲ್ಲಿ ನಾವು ಹೀಗೆ ತೊಳೆದ ರೀಲು ಚೆನ್ನಾಗಿ ಬಂದಿದೆ. ಫಿಲಂಗೆಲ್ಲ ತಿಳಿ ಕಂದು ಬಣ್ಣ ಹಿಡಿಯುತ್ತದೆ, ಅದು ಎಲ್ಲ ಕಡೆ ಸಮವಾಗಿ ಇರುವುದರಿಂದ ಸ್ಕ್ಯಾನ್‌ಗೆ ಅಡ್ಡಿ ಇಲ್ಲ. ವಾಸನೆ ಮಾತ್ರ ಸಹಿಸಲಾಗುವುದಿಲ್ಲ. ಸೋಡಾ ಬಿದ್ದ ಕಾಫಿಗೆ ಕಾಫಿಯ ಪರಿಮಳ ಒಂಚೂರೂ ಉಳಿಯುವುದಿಲ್ಲ. ಹಳೇಬೀಡಿನ ರೀಲನ್ನು ನಾನು ಇದರಲ್ಲಿ ಹಾಕುವುದಿಲ್ಲ. ಪುಡಿಯಿಂದ ಪುಡಿಗೆ ಗುಣ ಬದಲಾಗುತ್ತದೆ, ನೆರಳಿನ ವಿಷಯದಲ್ಲಿ ನನಗೆ ಖಾತ್ರಿ ಬೇಕು.

ಈಗ ಸ್ಕ್ಯಾನಿಂಗ್. ಎರಡು ದಾರಿ ಇವೆ. ಒಂದು ಎಪ್ಸನ್ ವಿ600ನಂಥ ಫ್ಲಾಟ್‌ಬೆಡ್ ಸ್ಕ್ಯಾನರ್. ಇನ್ನೊಂದು ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸು, ಕೆಳಗೆ ಎಲ್‌ಇಡಿ ಪ್ಯಾನೆಲ್. ನಾನು ಎರಡನೆಯದಕ್ಕೆ ಬಂದು ನೆಲೆ ನಿಂತಿದ್ದೇನೆ. ಆ ಸ್ಟುಡಿಯೋ ಯಜಮಾನರ ಹಳೇ ಎನ್‌ಲಾರ್ಜರ್‌ನ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಹಾಕುವ ಯಂತ್ರದ) ಕಂಬ ನನ್ನ ಬಳಿ ಇದೆ. ಮೇಲಿನ ತಲೆ ಬಿಚ್ಚಿ ಅಲ್ಲಿ ಕ್ಯಾಮೆರಾವನ್ನು ಕೆಳಮುಖ ಮಾಡಿ ಕೂರಿಸಿದ್ದೇನೆ. ಮೊದಲು ಬೆಳಕು ಮೇಲಿಂದ ಕೆಳಗೆ ಬೀಳುತ್ತಿತ್ತು, ಈಗ ಕೆಳಗಿಂದ ಮೇಲೆ ಹೋಗುತ್ತದೆ. ಕಂಬ ಅದೇ.

ಕ್ಯಾಮೆರಾ ಸಮವಾಗಿ ಕೂತಿದೆಯಾ ಅಂತ ನೋಡಲು ಒಂದು ಸುಲಭ ಉಪಾಯ ಇದೆ. ನೆಗೆಟಿವ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಲೆನ್ಸು ತನ್ನನ್ನೇ ಸರಿಯಾಗಿ ಪರದೆಯ ನಡುವೆ ನೋಡಿಕೊಂಡರೆ ಎಲ್ಲ ಸರಿ ಇದೆ ಅಂತ ಅರ್ಥ. ನೆಗೆಟಿವ್ ಸುತ್ತ ಉಳಿದ ಬೆಳಕನ್ನು ಕಪ್ಪು ರಟ್ಟಿನಿಂದ ಮುಚ್ಚಬೇಕು. ಇದನ್ನು ಬಿಟ್ಟವರ ಸ್ಕ್ಯಾನ್ ನೋಡಿದ ಕೂಡಲೇ ಗೊತ್ತಾಗುತ್ತದೆ, ಕಾಂಟ್ರಾಸ್ಟ್ ಸತ್ತಿರುತ್ತದೆ. ಮಂಕು ಬದಿ ಲೆನ್ಸಿನ ಕಡೆಗೆ ಇರಲಿ, ಆಮೇಲೆ ಫೈಲನ್ನು ಎಡಬಲ ತಿರುಗಿಸಿದರಾಯಿತು. ಹೊಳೆಯುವ ಬದಿ ಗಾಜಿಗೆ ತಾಗಿದರೆ ನೀರಿನ ಮೇಲೆ ಎಣ್ಣೆ ಬಿದ್ದಂಥ ಉಂಗುರಗಳು ಬರುತ್ತವೆ. ಇವಕ್ಕೆ ನ್ಯೂಟನ್ ಉಂಗುರ ಅನ್ನುತ್ತಾರೆ. ಒಮ್ಮೆ ಬಂದರೆ ಕಂಪ್ಯೂಟರಿನಲ್ಲಿ ತೆಗೆಯುವುದು ಬಹಳ ಕಷ್ಟ.

ಫ್ಲಾಟ್‌ಬೆಡ್ ಇರುವವರು ಬೇಜಾರು ಮಾಡಿಕೊಳ್ಳಬೇಕಿಲ್ಲ. 120 ನೆಗೆಟಿವ್ ದೊಡ್ಡದು, ಚೌಕದ ಒಂದು ಬದಿ ಸುಮಾರು 56 ಮಿಲಿಮೀಟರ್. 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೂ 28 ಮೆಗಾಪಿಕ್ಸೆಲ್ ಸಿಗುತ್ತದೆ. ಅದೇ ಡಿಪಿಐನಲ್ಲಿ 35 ಎಂಎಂ ನೆಗೆಟಿವ್‌ಗೆ ಸಿಗುವುದು ಎಂಟಕ್ಕೂ ಕಮ್ಮಿ. ಸ್ಕ್ಯಾನರ್ ಡಬ್ಬದ ಮೇಲೆ ಬರೆದ ದೊಡ್ಡ ದೊಡ್ಡ ಡಿಪಿಐ ಅಂಕಿ ನೋಡಿ ಮೋಸ ಹೋಗಬೇಡಿ. ಹಾಕಬೇಕಾದ್ದು ಬೇರೆ: 16 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್, ಶಾರ್ಪ್ ಮಾಡುವುದು ಆಫ್, ಆಟೋ ಲೆವೆಲ್ ಆಫ್. ಹೀಗೆ ಬಂದ ಫೈಲು ಮಂಕಾಗಿ, ಸಪ್ಪೆಯಾಗಿ ಕಾಣುತ್ತದೆ. ಹಾಗೇ ಇರಬೇಕು. ಆಟೋ ಲೆವೆಲ್ ಹಾಕಿದರೆ ನೆರಳಿನ ತುದಿ, ಬೆಳಕಿನ ತುದಿ ಎರಡನ್ನೂ ಕತ್ತರಿಸಿ ನೋಡಲು ಚೆಂದ ಮಾಡುತ್ತದೆ. ಹಳೇಬೀಡಿನ ಸರದ ಹಿಂದಿನ ಕತ್ತಲಲ್ಲಿ ಕಷ್ಟಪಟ್ಟು ತಂದ ವಿವರ ಮೊದಲ ಸೆಕೆಂಡಿನಲ್ಲೇ ಹೋಗುತ್ತದೆ. ಚೆಂದ ಮಾಡುವುದು ನಮ್ಮ ಕೆಲಸ, ನಿಧಾನವಾಗಿ ಮಾಡೋಣ. ಸ್ಕ್ಯಾನ್‌ಗೆ ಅಂತಲೇ ತೆಗೆದ ರೀಲಿಗೆ ನಾನು ಡೆವಲಪ್ ಸಮಯವನ್ನು ಹತ್ತು ಪರ್ಸೆಂಟಿನಷ್ಟು ಕಮ್ಮಿ ಮಾಡುತ್ತೇನೆ. ಬೆಳ್ಳಿ ತೀರಾ ದಪ್ಪ ಕಟ್ಟಿದರೆ ಸ್ಕ್ಯಾನರಿನ ಬೆಳಕು ಅದನ್ನು ದಾಟಲು ಒದ್ದಾಡುತ್ತದೆ.

ಧೂಳಿಗೆ? ಕೈಯೇ ಗತಿ. ಸ್ಕ್ಯಾನ್‌ಗೆ ಮುಂಚೆ ಬ್ಲೋವರ್‌ನಿಂದ ಗಾಳಿ ಊದಿ, ಉಳಿದದ್ದನ್ನು ಫೈಲಿನಲ್ಲಿ ಒಂದೊಂದಾಗಿ ಚುಕ್ಕಿ ಮುಚ್ಚುತ್ತೇನೆ. ಒಂದು ಫೋಟೋಗೆ ಅರ್ಧ ಗಂಟೆ ಹಿಡಿಯುತ್ತದೆ. ಈ ಅರ್ಧ ಗಂಟೆ ನನಗೆ ಇಷ್ಟ. ಗುಡಿಯ ಮುಂದೆ ನಿಂತಾಗ ಕಣ್ಣಿಗೆ ಬೀಳದ ಎಷ್ಟೋ ಸಂಗತಿ ಆಗ ಸಿಗುತ್ತದೆ. ಆನೆಯ ಮೇಲೆ ಕೂತ ಸವಾರನ ಕಾಲುಬೆರಳು, ಮುರಿದ ಕೈಯ ಒಳಗಿನ ಒರಟು ಕಲ್ಲು. ಆ ಮದುಮಗಳ ಫೋಟೋದಲ್ಲಿ ಸೆರಗಿನ ಪಿನ್ನು ಕಂಡಿದ್ದು ಹೀಗೇ.

ಈಚೆಗೆ ಚಿಕ್ಕ ವಯಸ್ಸಿನವರು ಮತ್ತೆ ಫಿಲಂ ತೆಗೆಯುತ್ತಿದ್ದಾರೆ, ನೋಡಿದರೆ ಖುಷಿಯಾಗುತ್ತದೆ. ಆದರೆ ಅವರಲ್ಲಿ ಬಹಳ ಜನ ದೂರದ ಲ್ಯಾಬಿಗೆ ರೀಲು ಕೊರಿಯರ್ ಮಾಡುತ್ತಾರೆ. ಮೊಬೈಲಿಗೆ ಜೆಪೆಗ್ ಬರುತ್ತದೆ. ನೆಗೆಟಿವ್ ವಾಪಸ್ ಕೇಳುವುದೇ ಇಲ್ಲ. ಇಷ್ಟು ದಿನ ಇಟ್ಟು ಆಮೇಲೆ ಬಿಸಾಡುತ್ತೇವೆ ಅಂತ ಕೆಲವು ಕಡೆ ಬರೆದೇ ಇರುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಆ ಜೆಪೆಗ್ ಯಾರೋ ಒಬ್ಬರು ಅವಸರದಲ್ಲಿ ಮಾಡಿದ್ದು. ಅದರಲ್ಲಿ ಇಲ್ಲದ ನೆರಳು ನಿಮ್ಮ ನೆಗೆಟಿವ್‌ನಲ್ಲಿ ಇರಬಹುದು. ಕೊರಿಯರ್ ಖರ್ಚು ಎಷ್ಟೇ ಆಗಲಿ, ತರಿಸಿಕೊಳ್ಳಿ.

ತರಿಸಿಕೊಂಡ ಮೇಲೆ ಮಲೆನಾಡಿನಲ್ಲಿ ಇಡುವುದು ಹೇಗೆ ಅನ್ನುವುದು ದೊಡ್ಡ ಪ್ರಶ್ನೆ. ಜೆಲಾಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಬೂಸ್ಟಿಗೆ ಅದು ಊಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ನೆಗೆಟಿವ್ ಎಲ್ಲಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಬಣ್ಣ ತಿರುಗಿದಾಗ ಅದನ್ನು ಬಿಸಿ ಮಾಡಿ ಮತ್ತೆ ಹಾಕುವುದು, ಇಷ್ಟು ಮಾಡಿದರೆ ಬಹಳಷ್ಟು ಉಳಿಯುತ್ತದೆ. ಮರದ ಬೀರುಗಿಂತ ಸ್ಟೀಲ್ ಬೀರು ಒಳ್ಳೆಯದು. ಮರದಿಂದ ಬರುವ ಆವಿ ಬೆಳ್ಳಿಯನ್ನು ಕೆಡಿಸುತ್ತದೆ. ಮಾಮೂಲಿ ಪಿವಿಸಿ ಕವರ್ ಬೇಡ. ಪಾಲಿಪ್ರೊಪಿಲೀನ್ ಕವರ್ ಅಥವಾ ಆಮ್ಲ ಇಲ್ಲದ ಕಾಗದ ಆಗಬಹುದು. ಬೂಸ್ಟು ಹಿಡಿದಿದ್ದರೆ ನೀರಿನಲ್ಲಿ ತೊಳೆಯಲು ಹೋಗಬೇಡಿ. ಬೂಸ್ಟು ತಿಂದ ಜೆಲಾಟಿನ್ ನೀರಿಗೆ ಕರಗಿ ಚಿತ್ರವೇ ಹರಿದುಹೋಗಬಹುದು. ಮೊದಲು ಇದ್ದ ಹಾಗೇ ಸ್ಕ್ಯಾನ್ ಮಾಡಿ.

ಆ ಅಟ್ಟದ ಡಬ್ಬಗಳ ಕೆಲಸ ಇನ್ನೂ ನಡೆಯುತ್ತಿದೆ. ಯಜಮಾನರು ಹೆಸರು ಬರೆದಿಟ್ಟ ಪುಸ್ತಕ ಸಿಕ್ಕಿದೆ. ಅದರ ನಂಬರು ನೆಗೆಟಿವ್ ಅಂಚಿನಲ್ಲಿ ಇಂಕಿನಿಂದ ಬರೆದ ನಂಬರಿಗೆ ಹೊಂದುತ್ತದೆ. ಹೊಂದಿದವರ ಮಕ್ಕಳು, ಮೊಮ್ಮಕ್ಕಳು ಹಾಸನದಲ್ಲೇ ಇದ್ದರೆ ಪ್ರಿಂಟ್ ಹಾಕಿಸಿ ಕೊಡುತ್ತಿದ್ದೇವೆ. ಹಾಸನ, ಅರಸೀಕೆರೆ, ಬೇಲೂರು, ಚಿಕ್ಕಮಗಳೂರು ಕಡೆ ನಿಮ್ಮ ಮನೆಯ ಟ್ರಂಕಿನಲ್ಲೋ, ನೆಂಟರ ಹಳೇ ಸ್ಟುಡಿಯೋದಲ್ಲೋ ಇಂಥ ಡಬ್ಬ ಇದ್ದರೆ ಮಳೆ ಹಿಡಿಯುವ ಮುಂಚೆ ಒಂದು ಸಲ ತೆಗೆದು ನೋಡಿ. ಮುಚ್ಚಳ ತೆಗೆದ ಕೂಡಲೇ ವಿನಿಗರ್ ವಾಸನೆ ಹೊಡೆದರೆ ಆ ಫಿಲಂನ ಬುಡವೇ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಆ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಅದನ್ನು ಬೇರೆ ಡಬ್ಬಕ್ಕೆ ಹಾಕಿ, ಸ್ಕ್ಯಾನ್ ಅದರಿಂದಲೇ ಶುರು ಮಾಡಿ.